ಬೀಜದ ಕಣಜದ ಇಬ್ಬರು ಕಾವಲುಗಾರರು

"ಕಾಯಬೇಕಾದವರೇ ಮನೆ ಕೆಡವುವುದು ಹೇಗೆ, ಗುರುಗಳೇ?"

ಕೇಳಿದವನು ಶಿವಯೋಗಿ. ಅವನು ವೈದ್ಯ. ತನಗೆ ವೈದ್ಯವಿದ್ಯೆ ಕಲಿಸಿದ ಗುರುಗಳ ಮುಂದೆ ಕುಳಿತಿದ್ದ. ಕೊರೊನಾ ವಾರ್ಡಿನಲ್ಲಿ ಹದಿನಾರು ದಿನ ಅವನು ನೋಡಿಕೊಂಡಿದ್ದ ರೋಗಿಯೊಬ್ಬ ಹಿಂದಿನ ದಿನ ತೀರಿಕೊಂಡಿದ್ದ.

"ಆತ ಕುಸ್ತಿಪಟು. ಮೂವತ್ತೆರಡು ವರ್ಷ ವಯಸ್ಸು. ಮೊದಲ ವಾರ ವೈರಾಣು ಬೆಳೆಯುತ್ತಿದ್ದಾಗ ಅವನ ರಕ್ತದ ಕಾವಲು ಕಣಗಳು ತಡವಾಗಿ ಎಚ್ಚೆತ್ತವು. ಎರಡನೆಯ ವಾರ ಒಮ್ಮೆಲೇ ಎದ್ದವು. ಒಂದು ಕಣ ಇನ್ನೊಂದನ್ನು ಕರೆಯಿತು, ಅದು ಮತ್ತೊಂದನ್ನು ಕರೆಯಿತು. ವೈರಾಣು ಇಳಿಯಿತು, ಇವು ಇಳಿಯಲಿಲ್ಲ. ಅವನ ಶ್ವಾಸಕೋಶವನ್ನು ಇವೇ ಹಾಳುಮಾಡಿ ನೀರು ತುಂಬಿಸಿದವು. ಪುಸ್ತಕದಲ್ಲಿ ಓದಿದರೆ ಇದು ಅರ್ಥವಾಗುತ್ತದೆ. ಅವನ ಹೆಂಡತಿಯ ಮುಂದೆ ನಿಂತಾಗ ಅರ್ಥವಾಗಲಿಲ್ಲ."

ಗುರುಗಳು ಉತ್ತರವಾಗಿ ಒಂದು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಂದು ಕಣಜವಿತ್ತು. ಇಡೀ ಊರಿನ ಬಿತ್ತನೆ ಬೀಜ ಅದರೊಳಗೆ ಇತ್ತು. ಗೋಡೆ ಮಣ್ಣಿನದು, ಸೂರು ಹುಲ್ಲಿನದು. ಒಳಗಿನ ಬೀಜವನ್ನು ನೋಡಿಕೊಳ್ಳುವವಳು ಸಣ್ಣೀರಜ್ಜಿ ಎಂಬ ಮುದುಕಿ. ಹೊರಗಿನ ಕಾವಲು ಪಾಲಯ್ಯನದು. ಊರಿನ ಕೊಂಬು ಅವನ ಬಳಿ ಇರುತ್ತಿತ್ತು. ಅವನು ಊದಿದರೆ ಜನ ಕೊಡ, ಹಾರೆ ಹಿಡಿದು ಬರಬೇಕು. ಊದದಿದ್ದರೆ ಯಾರೂ ಹೊಲ ಬಿಟ್ಟು ಬರುವಂತಿರಲಿಲ್ಲ.

ಪಾಲಯ್ಯ ಇಪ್ಪತ್ತು ವರ್ಷ ಒಬ್ಬನೇ ಕಾದ. ಆಮೇಲೆ ಊರಿನವರು ಓಬಣ್ಣ ಎಂಬವನನ್ನು ಎರಡನೆಯ ಕಾವಲುಗಾರನಾಗಿ ಕರೆತಂದರು. ಓಬಣ್ಣನ ಮೂಗು ಬಹಳ ಚುರುಕು. ಹೊಗೆಯ ವಾಸನೆ ಹಿಡಿದೇ ಉರಿಯುತ್ತಿರುವುದು ಹುಲ್ಲೋ, ಸೌದೆಯೋ, ಗೋಣಿಯೋ ಎಂದು ಹೇಳುತ್ತಿದ್ದ. ಬಂದ ತಿಂಗಳಲ್ಲೇ ಎರಡು ಬಣವೆಗಳನ್ನು ಉಳಿಸಿದ. ಸುಗ್ಗಿ ಮುಗಿದಾಗ ಊರಿನವರು ಅವನಿಗೆ ಒಂದು ಕಂಬಳಿ ಹೊದಿಸಿದರು.

ಪಾಲಯ್ಯನಿಗೆ ಅಂಥ ಕಂಬಳಿ ಸಿಕ್ಕಿದ್ದು ಅವನ ಕಾವಲಿನ ಏಳನೆಯ ವರ್ಷದಲ್ಲಿ. ಓಬಣ್ಣನಿಗೆ ಹೊದಿಸುವಾಗ ಅವನೂ ಚಪ್ಪಾಳೆ ತಟ್ಟಿದ, ಮನೆಗೆ ಬಂದು ಉಣ್ಣದೆ ಮಲಗಿದ. ಹೆಂಡತಿ ಯಾಕೆಂದು ಕೇಳಿದಳು. ಹೊಟ್ಟೆ ಸರಿಯಿಲ್ಲ ಎಂದ. ಮಾರನೆಯ ದಿನ ಅವಳೇ ಬಾವಿಯಿಂದ ಬಂದು, "ಓಬಣ್ಣ ಇರುವುದರಿಂದ ನಿಮಗೂ ಸ್ವಲ್ಪ ಆರಾಮವಾಯಿತು ಎಂದು ಎಲ್ಲರೂ ಹೇಳುತ್ತಿದ್ದಾರೆ" ಎಂದಳು. ಅವಳು ಪ್ರೀತಿಯಿಂದಲೇ ಹೇಳಿದ್ದು. ಆ ಮಾತು ಅವನೊಳಗೆ ಮುಳ್ಳಿನ ಹಾಗೆ ಉಳಿಯಿತು. ಅಂದಿನಿಂದ ಅವನು ಕಣಜವನ್ನು ನೋಡುವುದಕ್ಕಿಂತ ಓಬಣ್ಣನನ್ನು ನೋಡುವುದೇ ಹೆಚ್ಚಾಯಿತು.

ಓಬಣ್ಣನೂ ಸುಖವಾಗಿರಲಿಲ್ಲ. ಹೊಗೆಯನ್ನು ಕಂಡುಹಿಡಿಯುವವನು ತಾನು, ಆದರೆ ಜನ ಓಡಿ ಬರುವುದು ಪಾಲಯ್ಯನ ಕೊಂಬಿಗೆ. ಆ ಕೊಂಬು ಗೋಡೆಗೆ ತೂಗುಹಾಕಿರುವುದನ್ನು ಕಂಡಾಗಲೆಲ್ಲ ಅವನು ಮುಖ ತಿರುಗಿಸುತ್ತಿದ್ದ.

ಬೇಸಿಗೆಯ ಒಂದು ಮಧ್ಯಾಹ್ನ ಓಬಣ್ಣನಿಗೆ ಕಣಜದ ಹಿಂಬದಿಯಿಂದ ಹೊಗೆಯ ವಾಸನೆ ಬಂತು. ಮೂಲೆಯ ಸೂರಿನಲ್ಲಿ ಒಂದು ಹಿಡಿ ಹುಲ್ಲು ಹೊತ್ತಿತ್ತು. ಎತ್ತರದಲ್ಲಿತ್ತು, ಒಬ್ಬನ ಕೈಗೆ ಎಟಕುವಂತಿರಲಿಲ್ಲ. ನಾಲ್ಕು ಜನ, ನಾಲ್ಕು ಕೊಡ ನೀರು ಇದ್ದರೆ ಸಾಕಿತ್ತು. ಅವನು ಪಾಲಯ್ಯನ ಬಳಿಗೆ ಓಡಿದ.

"ಪಾಲಯ್ಯಣ್ಣ, ಕೊಂಬು ಊದು. ಹಿಂದಿನ ಸೂರು ಹೊತ್ತಿಕೊಂಡಿದೆ."

"ನನಗೇನೂ ಕಾಣುತ್ತಿಲ್ಲವಲ್ಲ," ಎಂದ ಪಾಲಯ್ಯ.

"ಹಿಂದೆ ಬಂದು ನೋಡು, ಕಾಣುತ್ತದೆ."

"ನಿನ್ನ ಮೂಗು ಹೇಳಿದ್ದಕ್ಕೆಲ್ಲ ನಾನು ಊದುತ್ತಾ ಕೂತರೆ ಈ ಊರಿಗೆ ಕಾವಲುಗಾರ ನೀನೋ ನಾನೋ?"

ಓಬಣ್ಣ ಬೇಡಿಕೊಳ್ಳಬಹುದಿತ್ತು. ಬೇಡಿಕೊಳ್ಳಲು ಅವನಿಗೆ ಮನಸ್ಸಾಗಲಿಲ್ಲ. "ಆಗಲಿ, ಎಲ್ಲರಿಗೂ ಕಂಡಾಗ ಊದು," ಎಂದು ಹೇಳಿ ಕೊಂಬಿಲ್ಲದೆಯೂ ತನ್ನ ಮಾತಿಗೆ ಬರುವ ನಾಲ್ವರನ್ನು ಹುಡುಕಲು ಹೊಲದ ಕಡೆ ಹೋದ. ಅವರು ಸಿಗುವಷ್ಟರಲ್ಲಿ ಬೆಂಕಿ ಸೂರಿನ ಅರ್ಧಕ್ಕೆ ಹಬ್ಬಿತ್ತು.

ಆಗ ಪಾಲಯ್ಯನಿಗೆ ಜ್ವಾಲೆ ಕಂಡಿತು. ಅವನು ಎದೆ ಬಿರಿಯುವ ಹಾಗೆ ಕೊಂಬು ಊದಿದ. ಇಪ್ಪತ್ತು ವರ್ಷದಲ್ಲಿ ಅಷ್ಟು ಜೋರಾಗಿ ಅವನು ಊದಿರಲಿಲ್ಲ. ಊರಿನ ಜನ ಬಂದರು. ಅವನು ನಿಲ್ಲಿಸಲಿಲ್ಲ. ಪಕ್ಕದ ಊರಿನ ಜನವೂ ಬಂದರು. ಆಗಲೂ ಊದಿದ.

ಮುಂಬಾಗಿಲಲ್ಲಿ ಪಾಲಯ್ಯನ ಜನ ನಿಂತರು. ಹಿಂದಿನ ಗೋಡೆಯ ಬಳಿ ಓಬಣ್ಣನ ಜನ ನಿಂತರು. ಬೆಂಕಿ ಎಲ್ಲಿದೆ ಎಂದು ಸರಿಯಾಗಿ ಬಲ್ಲ, ಓಬಣ್ಣ ಕರೆತಂದ ಆ ನಾಲ್ವರು ಮೊದಲೇ ಒಳಗೆ ನುಗ್ಗಿದ್ದರು. ಹೊಗೆ ಕುಡಿದು ಅವರು ಬಿದ್ದರು. ಅವರನ್ನು ಹೊರಗೆ ಎಳೆದು ಮಲಗಿಸಿದರು. ಉಳಿದವರಿಗೆ ಹೊಗೆಯಲ್ಲಿ ಬೆಂಕಿ ಎಲ್ಲಿದೆ ಎಂಬುದು ತಿಳಿಯದು. ಕಂಡಲ್ಲೆಲ್ಲ ನೀರು ಎರಚಿದರು. ಪಾಲಯ್ಯ ತೊಲೆಗಳನ್ನು ಎಳೆದು ಬೀಳಿಸಲು ಹೇಳಿದ. ತೊಲೆ ಬಿದ್ದ ಸದ್ದು ಕೇಳಿ ಓಬಣ್ಣ ಹಿಂದಿನ ಗೋಡೆಯ ಬುಡಕ್ಕೆ ಹಾರೆ ಹಾಕಿಸಿದ, ಪಕ್ಕದ ಕಾಲುವೆಯನ್ನು ಒಡೆದು ನೀರನ್ನು ಒಳಗೆ ತಿರುಗಿಸಿದ. ಜನ ಆ ಕಡೆಗೆ ಓಡಿ ಬೆರಗಾಗಿ ನೋಡಿದರು. ಅದನ್ನು ಕಂಡು ಪಾಲಯ್ಯ ಇನ್ನೂ ಹತ್ತು ಹಾರೆ ತರಿಸಿದ.

ಸಣ್ಣೀರಜ್ಜಿ ಕಣಜವನ್ನು ಒಂದು ಸುತ್ತು ಬಂದಳು. ಮುಂದೆ ನೋಡಿದಳು, ಹಿಂದೆ ನೋಡಿದಳು. ಆಮೇಲೆ ಸೆರಗನ್ನು ಬೀಸಿ ಕೂಗಿದಳು: "ಸಾಕು ನಿಲ್ಲಿಸಿರಪ್ಪ! ಬೆಂಕಿ ಆರಿದೆ! ಗೋಡೆ ನೆನೆಯುತ್ತಿದೆ!"

ಕೊಂಬಿನ ಸದ್ದಿನಲ್ಲಿ ಹೆಚ್ಚಿನವರಿಗೆ ಅವಳ ಮಾತು ಕೇಳಲಿಲ್ಲ. ಕೇಳಿದವರು ಪಾಲಯ್ಯನ ಮುಖ ನೋಡಿದರು. ಪಾಲಯ್ಯ ಕೊಂಬು ಇಳಿಸಿ ಗೋಡೆಯ ಆಚೆಗೆ ಕಿವಿಗೊಟ್ಟ. ಅಲ್ಲಿ ಇನ್ನೂ ನೀರು ಹರಿಯುತ್ತಿತ್ತು. "ಹೊಡೆಯಿರಿ," ಎಂದ. ಅಜ್ಜಿ ಹಿಂಬದಿಗೆ ಹೋಗಿ ಓಬಣ್ಣನ ಕೈ ಹಿಡಿದಳು. ಓಬಣ್ಣನೂ ಕಿವಿಗೊಟ್ಟ. ಮುಂದೆ ಹಾರೆಯ ಸದ್ದು ಇನ್ನೂ ಕೇಳುತ್ತಿತ್ತು. ಅವನು ಕೈ ಬಿಡಿಸಿಕೊಂಡ.

ಅಜ್ಜಿ ಮತ್ತೆ ಯಾರನ್ನೂ ಕರೆಯಲಿಲ್ಲ. ನೆನೆಯದೆ ಉಳಿದ ಮೂರು ಚೀಲ ಜೋಳವನ್ನಾದರೂ ಎಳೆದು ತರೋಣವೆಂದು ಒಬ್ಬಳೇ ಒಳಗೆ ಹೋದಳು. ಎರಡನೆಯ ಚೀಲವನ್ನು ಬಾಗಿಲಿನವರೆಗೆ ತಂದಿದ್ದಳು. ಆಗ ನೆನೆದ ಗೋಡೆ ಕುಸಿಯಿತು.

ಮಣ್ಣು ತೆಗೆಯಲು ಇಬ್ಬರ ಜನವೂ ಸೇರಿದರು. ಆ ಹೊತ್ತಿಗೆ ಅವಳ ಉಸಿರು ನಿಂತಿತ್ತು.

ಸಂಜೆ ಊರಿನವರು ಕಣಜವನ್ನು ನೋಡಿದರು. ಬೆಂಕಿಗೆ ಸುಟ್ಟದ್ದು ಹದಿಮೂರು ಚೀಲ. ಅಜ್ಜಿ ಹೊರಗೆ ತಂದಿದ್ದ ಒಂದು ಚೀಲ ಬಿಟ್ಟರೆ ಉಳಿದದ್ದೆಲ್ಲ ನೀರಿನಲ್ಲಿ ಮುಳುಗಿತ್ತು. ನಾಲ್ಕನೆಯ ದಿನಕ್ಕೆ ಗೋಣಿಯ ಸಂದಿಯಿಂದ ಮೊಳಕೆಗಳು ಹೊರಬಂದವು, ಬೆಳ್ಳಗೆ. ಬಿತ್ತಲು ಮಳೆ ಇನ್ನೂ ಎರಡು ತಿಂಗಳು ದೂರವಿತ್ತು. ಪಕ್ಕದ ಊರಿನಿಂದ ಬೀಜ ಸಾಲ ತಂದರೂ ಆ ವರ್ಷ ಊರಿನ ಅರ್ಧ ಹೊಲ ಬೀಳುಬಿದ್ದಿತು. ಕೆಲವರು ಮನೆಗೆ ಬೀಗ ಹಾಕಿ ನಂಟರ ಊರುಗಳಿಗೆ ಹೋದರು.

ಊರಿನ ಹಿರಿಯರು ಕಾವಲುಗಾರರನ್ನು ಬೇರೆ ಬೇರೆಯಾಗಿ ಕರೆದು ಕೇಳಿದರು.

"ಅಜ್ಜಿ ಸಾಕು ಎಂದಾಗ ಯಾಕೆ ನಿಲ್ಲಿಸಲಿಲ್ಲ?"

"ಬೆಂಕಿ ಇನ್ನೂ ಇದೆ ಎಂದುಕೊಂಡೆ," ಎಂದ ಪಾಲಯ್ಯ. "ಹೊಗೆಯಲ್ಲಿ ಏನೂ ಕಾಣಲಿಲ್ಲ."

ಓಬಣ್ಣನೂ ಅದೇ ಮಾತು ಹೇಳಿದ. ಮೊದಲ ಸಲ ಅವರಿಬ್ಬರ ಮಾತು ಒಂದಾಗಿತ್ತು. ಊರಿನವರು ನಂಬಿದರು. ಇಬ್ಬರೂ ಕಷ್ಟಪಟ್ಟಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಇಬ್ಬರ ಅಂಗೈಯಲ್ಲೂ ಬೊಬ್ಬೆಗಳು ಎದ್ದಿದ್ದವು. ಯಾರಿಗೂ ದಂಡ ಹಾಕಲಿಲ್ಲ.

ಸಣ್ಣೀರಜ್ಜಿಗೆ ಮಕ್ಕಳಿರಲಿಲ್ಲ. ಅವಳ ಚಟ್ಟ ಎತ್ತುವಾಗ ಮುಂದಿನ ಹೆಗಲಿಗೆ ಇಬ್ಬರೂ ಒಟ್ಟಿಗೇ ಬಂದರು. ಇಬ್ಬರ ಕೈಯೂ ಬಲಗಡೆಯ ಒಂದೇ ಬಿದಿರಿನ ಮೇಲೆ ಬಿತ್ತು. ಇಬ್ಬರೂ ಕೈ ತೆಗೆಯಲಿಲ್ಲ. ಹಿರಿಯರೊಬ್ಬರು ಬಂದು ಓಬಣ್ಣನನ್ನು ಎಡಗಡೆಗೆ ಸರಿಸಿದ ಮೇಲೆ ಚಟ್ಟ ಮುಂದೆ ಹೋಯಿತು.

ಗುರುಗಳು ಕತೆ ಮುಗಿಸಿದರು. ಶಿವಯೋಗಿ ತಲೆಯೆತ್ತಿದ.

"ಕತೆ ಅರ್ಥವಾಯಿತು, ಗುರುಗಳೇ. ಒಂದು ಮಾತು ಮಾತ್ರ ಹೊಂದುತ್ತಿಲ್ಲ. ರಕ್ತದ ಕಣಗಳಿಗೆ ಹೊಟ್ಟೆಕಿಚ್ಚು ಎಲ್ಲಿಂದ ಬರಬೇಕು? ಅವು ಇದನ್ನೆಲ್ಲ ತಿಳಿಯದೆ ಮಾಡುತ್ತವೆ. ಆ ಕಾವಲುಗಾರರಿಗೂ ಹೊಗೆಯಲ್ಲಿ ಕಾಣಲಿಲ್ಲ ಎಂದಿರಿ. ಹಾಗಾದರೆ ಎರಡಕ್ಕೂ ವ್ಯತ್ಯಾಸವೇನು?"

"ಬೆಂಕಿ ಆರಿದ್ದು ಕಣಗಳಿಗೆ ಕಾಣುವುದಿಲ್ಲ, ಶಿವಯೋಗಿ," ಎಂದರು ಗುರುಗಳು, "ಅವರಿಬ್ಬರಿಗೂ ಕಂಡಿತ್ತು."