ಬಡಹುಲಿಯ ಗುರುತು

ಹರಿಹರದ ಹೊರಗೆ, ತುಂಗಭದ್ರೆಯ ದಂಡೆಯ ಮೇಲೆ, ಬುಡೇನ್ ಉಸ್ತಾದರ ತಗಡಿನ ಶೆಡ್ಡು. ಅದನ್ನು ಆಶ್ರಮವೆಂದು ಕರೆದವರು ಯಾರೂ ಇಲ್ಲ. ಆದರೂ ಅಲ್ಲಿಗೆ ಬಂದವರು ಚಪ್ಪಲಿ ಹೊರಗೆ ಬಿಡುತ್ತಿದ್ದರು, ದನಿ ತಗ್ಗಿಸುತ್ತಿದ್ದರು.

ಹಳೆಯ ಗಾಡಿ ಅಸಲಿಯೋ ನಕಲಿಯೋ ಹೇಳುವುದು ಉಸ್ತಾದರ ವಿದ್ಯೆ. ಅದರಲ್ಲೂ ಬಡಹುಲಿಯ ವಿಷಯಕ್ಕೆ ಬಂದರೆ ಅವರದೇ ಕೊನೆಯ ಮಾತು.

ಬಡಹುಲಿ ಎಂಬುದು ಕಂಪನಿ ಇಟ್ಟ ಹೆಸರಲ್ಲ, ನಮ್ಮ ಕಡೆಯ ಮೆಕ್ಯಾನಿಕ್‌ಗಳು ಇಟ್ಟದ್ದು. ಒಂದು ಕಾಲಕ್ಕೆ ಅಮೆರಿಕದಲ್ಲಿ, ಕೈಯಲ್ಲಿ ಕಾಸಿಲ್ಲದೆ ತಲೆಯಲ್ಲಿ ವೇಗದ ಹುಚ್ಚು ಮಾತ್ರ ಇದ್ದ ಹುಡುಗರಿಗೆಂದು ಮಾಡಿದ ಕಾರು ಅದು. ಒಳಗೆ ಎಂಟು ಸಿಲಿಂಡರಿನ ದೊಡ್ಡ ಇಂಜಿನ್, ಹೊರಗೆ ಬಡಪಾಯಿ ಮೈ. ಸೊಗಸಿನ ಸಾಮಾನು ಒಂದೂ ಇಲ್ಲ. ನೆಲಕ್ಕೆ ರಬ್ಬರ್ ಹಾಸು, ಅಷ್ಟೇ.

ಹಿಂದೆ ಕಾರ್ಖಾನೆ ಕಟ್ಟಲು ಬಂದ ಪರದೇಶದ ಇಂಜಿನಿಯರುಗಳು ಇಂಥ ಕೆಲವನ್ನು ಇಲ್ಲೇ ಬಿಟ್ಟು ಹೋಗಿದ್ದರು. ಅಗ್ಗದ ಗಾಡಿಯೆಂದು ಯಾರೂ ಜೋಪಾನ ಮಾಡಲಿಲ್ಲ. ಅದಕ್ಕೇ ಈಗ ಅದು ಅಪರೂಪ. ಸಾದಾ ಗಾಡಿಗೆ ದೊಡ್ಡ ಇಂಜಿನ್ ಕೂರಿಸಿ, ಬಡಹುಲಿ ಎಂದು ಸಾಗಹಾಕುವ ಭೂಪರೂ ಇದ್ದಾರೆ.

ಶೆಡ್ಡಿನ ನಡುವೆ ಉಸ್ತಾದರ ಕಪ್ಪು ಬಡಹುಲಿ ನಿಂತಿತ್ತು. ಶಿಷ್ಯನಾಗಿ ಸೇರಿದವನಿಗೆ ಉಸ್ತಾದರು ಮೊದಲ ದಿನವೇ ಒಂದು ಮ್ಯಾಗ್ನೆಟ್ ಕೊಡುತ್ತಿದ್ದರು.

"ತಗಡು ಇದ್ದಲ್ಲಿ ಕಚ್ಕೊಳ್ಳುತ್ತೆ. ತೂತು ಮುಚ್ಚೋಕೆ ಪುಟ್ಟಿ ಮೆತ್ತಿದ್ದಲ್ಲಿ ಜಾರುತ್ತೆ. ಇದಕ್ಕೆ ದಾಕ್ಷಿಣ್ಯ ಇಲ್ಲ."

ಆಮೇಲೆ ದಿನಾ ಬೆಳಿಗ್ಗೆ ಆ ಕಪ್ಪು ಗಾಡಿಯನ್ನು ಬರಿಗೈಯಲ್ಲಿ ತೊಳೆಯಬೇಕು. ಬಟ್ಟೆ ಮುಟ್ಟುವಂತಿಲ್ಲ. ಕೈಗೆ ಗಾಡಿಯ ಮೈ ಗೊತ್ತಾಗಬೇಕು ಎಂಬುದು ಅಲ್ಲಿಯ ಪದ್ಧತಿ.

ಶಿಷ್ಯರಲ್ಲಿ ಒಬ್ಬನಾದ ಕೊಟ್ರೇಶ ವರ್ಷಗಟ್ಟಲೆ ತೊಳೆದಿದ್ದ. ಕಣ್ಣು ಕಟ್ಟಿ ಬಿಟ್ಟರೂ ಅದರ ಉಬ್ಬು ತಗ್ಗು ಹೇಳಬಲ್ಲೆ ಎಂದು ಜಂಬ ಕೊಚ್ಚುತ್ತಿದ್ದ. ಡ್ಯಾಶ್‌ಬೋರ್ಡಿನ ಮೇಲಿದ್ದ ದುಂಡನೆಯ ಗಡಿಯಾರವನ್ನಂತೂ ದೇವರ ಮೂರ್ತಿ ತೊಳೆದ ಹಾಗೆ ತೊಳೆಯುತ್ತಿದ್ದ.

"ಬಡಹುಲಿ ಗುರುತು ಎಲ್ಲೈತೆ?" ಎಂದು ಉಸ್ತಾದರು ಕೇಳುವರು.

"ಇರೋದರಲ್ಲಿ ಇಲ್ಲ ಉಸ್ತಾದ್. ಇಲ್ಲದ್ದರಲ್ಲಿ."

"ಹ್ಞೂಂ," ಎಂದು ಉಸ್ತಾದರು ಚಹಾ ಕುಡಿಯುವರು.

ಒಂದು ದಿನ ರಾಣೆಬೆನ್ನೂರಿನಿಂದ ಕರೆ ಬಂತು. ಕರೆದವರು ಚಂಪಾ ಟೀಚರು, ಶಾಲೆಯಿಂದ ನಿವೃತ್ತರಾದವರು. ತೀರಿಹೋದ ಅವರ ಅಣ್ಣನ ಗಾಡಿಯೊಂದು ಹಿತ್ತಲಲ್ಲಿತ್ತು. ಅದು ಬಡಹುಲಿಯೋ ಅಲ್ಲವೋ ನೋಡಿ ಹೇಳಬೇಕಿತ್ತು.

ಉಸ್ತಾದರು ಕೊಟ್ರೇಶನನ್ನು ಕಳಿಸಿದರು. ಅವನು ಒಬ್ಬನೇ ಹೋದದ್ದು ಅದೇ ಮೊದಲು. ಕಾಲು ನೆಲಕ್ಕೆ ತಾಗದ ಉಮೇದಿನಲ್ಲಿ ಬೈಕು ಹತ್ತಿ ಹೋದ.

ಮಧ್ಯಾಹ್ನಕ್ಕೆ ವಾಪಸು ಬಂದ.

"ನಕಲಿ ಉಸ್ತಾದ್. ನೋಡಿದ ಕೂಡ್ಲೇ ಗೊತ್ತಾಯ್ತು."

"ಹೆಂಗೆ?"

"ಗಡಿಯಾರನೇ ಇಲ್ಲ. ಆ ಜಾಗಕ್ಕೆ ಒಂದು ತಗಡಿನ ಮುಚ್ಚಳ ಬಡಿದವ್ರೆ. ನಿಮ್ಮ ಗಾಡಿ ಪಕ್ಕದಲ್ಲಿ ಅದು ಭಿಕಾರಿ ಥರ ಕಾಣ್ತದೆ."

"ಮ್ಯಾಗ್ನೆಟ್ ಹಿಡಿದ್ಯಾ?"

"ಯಾಕೆ ಉಸ್ತಾದ್? ಜೇಬಿಂದ ತೆಗೆಯೋ ಗೋಜಿಗೇ ಹೋಗಲಿಲ್ಲ. ಕಣ್ಣಿಗೇ ಹೊಡೀತಿತ್ತಲ್ಲ."

ಉಸ್ತಾದರು ಚಹಾದ ಲೋಟವನ್ನು ಕೆಳಗಿಟ್ಟರು.

"ಟೀಚರಮ್ಮ ಏನಂದ್ರು?"

ಕೊಟ್ರೇಶನ ದನಿ ಸ್ವಲ್ಪ ಇಳಿಯಿತು. "ಅವರಣ್ಣ ಬದುಕಿರೋವರೆಗೂ 'ಇದು ಅಪರೂಪದ್ದು, ಕೊಡಬೇಡ್ರಿ' ಅಂತಿದ್ನಂತೆ. ಮನೆಯವರೆಲ್ಲ ಅವನನ್ನ ಬಡಾಯಿ ಅಂತ ನಗ್ತಿದ್ರಂತೆ. ಈಯಮ್ಮ ಒಬ್ರೇ ನಂಬಿದ್ದು. ನಾನು ನಕಲಿ ಅಂದ ಕೂಡ್ಲೇ ಅಣ್ಣನ ಫೋಟೋನ ಗೋಡೆ ಕಡೆ ತಿರುಗಿಸಿದ್ರು. ಆಮೇಲೆ ಗುಜರಿಯವನಿಗೆ ಹೇಳಿ ಕಳಿಸಿದ್ರು. ಸಂಜೆಯೊಳಗೆ ಕತ್ತರಿಸಿ ಒಯ್ತಾನಂತೆ."

ಉಸ್ತಾದರು ಎದ್ದು ನಿಂತರು.

"ಮ್ಯಾಗ್ನೆಟ್ ತೆಗಿ. ನನ್ನ ಗಾಡಿಗೆ ಹಿಡಿ."

ಕೊಟ್ರೇಶ ಬೆಚ್ಚಿದ. "ನಿಮ್ಮ ಗಾಡಿಗಾ?"

"ಹಿಡಿ ಅಂದೆ."

ಗುರುವಿನ ಗಾಡಿಗೆ ಮ್ಯಾಗ್ನೆಟ್ ಹಿಡಿಯುವುದೆಂದರೆ ಹೆತ್ತ ತಾಯಿಯ ಹತ್ತಿರ ಗುರುತಿನ ಚೀಟಿ ಕೇಳಿದ ಹಾಗೆ. ಕೊಟ್ರೇಶ ಮೊದಲು ಗಾಡಿಗೆ ಕೈ ಮುಗಿದ. ಬಾಗಿಲಿಗೆ ಹಿಡಿದ. ಟಪ್ ಎಂದು ಕಚ್ಚಿಕೊಂಡಿತು. ಬಾನೆಟ್ಟಿಗೆ ಹಿಡಿದ. ಕಚ್ಚಿಕೊಂಡಿತು. ಅವನಿಗೆ ಉಸಿರು ಬಂದಂತಾಯಿತು.

"ಎಡಗಡೆ ಮಡ್‌ಗಾರ್ಡು," ಎಂದರು ಉಸ್ತಾದರು.

ಅಲ್ಲಿ ಹಿಡಿದ. ಮ್ಯಾಗ್ನೆಟ್ ಜಾರಿ ನೆಲಕ್ಕೆ ಬಿತ್ತು.

ಕೊಟ್ರೇಶ ಅದನ್ನೇ ನೋಡುತ್ತ ನಿಂತ. ಎತ್ತಿ ಮತ್ತೆ ಹಿಡಿದ. ಮತ್ತೆ ಬಿತ್ತು.

"ಅಲ್ಲಿ ರೇಡಿಯೋದ ಆಂಟೆನಾ ಕಂಬಿ ಇತ್ತು," ಎಂದರು ಉಸ್ತಾದರು. "ಅದರ ತೂತಿಗೆ, ಸುತ್ತಲೂ, ನಾನೇ ದಪ್ಪಗೆ ಪುಟ್ಟಿ ಮೆತ್ತಿದೆ. ಬಡಹುಲಿಗೆ ರೇಡಿಯೋ ಎಲ್ಲಿಂದ ಬರಬೇಕು? ಗಡಿಯಾರ ಎಲ್ಲಿಂದ ಬರಬೇಕು? ಇದು ಸಾದಾ ಆರು ಸಿಲಿಂಡರ್ ಗಾಡಿ. ದೊಡ್ಡ ಇಂಜಿನ್ ನಾನು ಕೂರಿಸಿದ್ದು."

"ನಕಲಿ?"

"ನಕಲಿ."

ಕೊಟ್ರೇಶ ತನ್ನ ಅಂಗೈಗಳನ್ನು ನೋಡಿಕೊಂಡ. ಇಷ್ಟು ವರ್ಷ ಈ ಕೈಗಳು ಸವರಿದ್ದು ಒಂದು ಸುಳ್ಳನ್ನು. ಸಿಟ್ಟು ಉಕ್ಕಿ ಬಂತು. ಗುರು ಎಂಬುದನ್ನೂ ಮರೆತ.

"ಮೋಸ ಮಾಡಿದ್ರಿ ಉಸ್ತಾದ್!"

"ಕಲಿಸೋಕಂತ ಮಾಡಿದ್ದು ಕಣೋ. ಬಂದವರಿಗೆಲ್ಲ ಮೊದಲು ಮ್ಯಾಗ್ನೆಟ್ ಕೊಟ್ಟೆ, ಆಮೇಲೆ ಈ ಗಾಡಿ ತೋರಿಸಿದೆ. ಯಾವನಾದ್ರೂ ಒಬ್ಬ ಎದ್ದು ಬಂದು, 'ಉಸ್ತಾದ್, ನಿಮ್ಮದು ನಕಲಿ' ಅಂತಾನೆ ಅಂತ ಕಾಯ್ತಾ ಕೂತೆ. ಎಲ್ರೂ ತೊಳೆದ್ರು. ಒಬ್ಬನೂ ಹಿಡೀಲಿಲ್ಲ."

ಒಮ್ಮೆಲೇ ಕೊಟ್ರೇಶನಿಗೆ ಸಿಡಿಲು ಹೊಡೆದಂತಾಯಿತು.

"ಹಂಗಾದ್ರೆ ಟೀಚರಮ್ಮನ ಗಾಡಿ ಅಸಲಿ!"

"ನಾನು ಅದನ್ನ ನೋಡಿಲ್ಲ," ಎಂದರು ಉಸ್ತಾದರು.

ಕೊಟ್ರೇಶ ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಟೀಚರಿಗೆ ಫೋನು ಹಚ್ಚಿದ. ಅತ್ತ ಗಂಟೆ ಬಡಿದೇ ಬಡಿಯಿತು, ಯಾರೂ ಎತ್ತಲಿಲ್ಲ. ಮ್ಯಾಗ್ನೆಟ್ಟನ್ನು ಜೇಬಿಗೆ ತುರುಕಿಕೊಂಡು ಬೈಕಿನ ಕಡೆ ಓಡಿದ.

"ಅದರಲ್ಲಿ ಹೊತ್ತಾಗುತ್ತೆ," ಎಂದು ಉಸ್ತಾದರು ಕಪ್ಪು ಗಾಡಿಯ ಬಾಗಿಲು ತೆಗೆದರು. "ಇದರಲ್ಲಿ ಹತ್ತು. ನಕಲಿ ಆದ್ರೂ ಓಡ್ತದೆ."

ಓಡಿತು. ಹೆದ್ದಾರಿಯಲ್ಲಿ ಲಾರಿಯವರು ತಾವಾಗಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಕೊಟ್ರೇಶ ಸೀಟನ್ನು ಹಿಡಿದುಕೊಂಡು ಕೂತಿದ್ದ. ಎದುರಿಗೆ ಆ ಗಡಿಯಾರ. ಅದರ ಮುಖ ನೋಡಲು ಅವನಿಗೆ ಆಗಲಿಲ್ಲ.

ಚಂಪಾ ಟೀಚರ ಹಿತ್ತಲಲ್ಲಿ ಗುಜರಿ ಫಕ್ಕೀರಪ್ಪ ಆಗಲೇ ಗ್ಯಾಸ್ ಕಟ್ಟರ್ ಹೊತ್ತಿಸಿದ್ದ. ನೀಲಿ ಉರಿ ಸುಯ್ಯೆನ್ನುತ್ತಿತ್ತು. ಮಾಸಿದ ಹಸಿರು ಗಾಡಿಯ ಹಿಂದಿನ ಡಿಕ್ಕಿಯ ಬಾಗಿಲು ನೆಲದ ಮೇಲೆ ಬಿದ್ದಿತ್ತು. ಟೀಚರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ನಿಲ್ಸು! ನಿಲ್ಸು!" ಕೊಟ್ರೇಶ ಉರಿಯ ಎದುರಿಗೇ ಹೋಗಿ ನಿಂತ.

"ಹುಚ್ಚ ಹಿಡದೈತೇನು ನಿನಗ?" ಫಕ್ಕೀರಪ್ಪ ಹೌಹಾರಿ ಕಟ್ಟರನ್ನು ಹಿಂದಕ್ಕೆ ಎಳೆದುಕೊಂಡ. "ಸುಟ್ಟು ಹೋಗ್ತಿದ್ದೆಲ್ಲೋ! ಮುಂಜಾನೆ ನೀನೇ ನಕಲಿ ಅಂದಿ ಅಂತಲ್ಲ?"

"ತಪ್ಪಾಯ್ತು. ಬಿಟ್ಟುಬಿಡು."

"ಬಿಡಾಕ ಆಗೂದಿಲ್ಲ. ಮಾತಾಗೈತಿ, ಲಾರಿ ಬಂದು ನಿಂತೈತಿ. ಬರಿಗೈಲೆ ಹೋಗ್ಲೇನು?"

ಉಸ್ತಾದರು ಮುಂದೆ ಬಂದರು. ಕಪ್ಪು ಗಾಡಿಯ ಕೀಲಿಯನ್ನು ಫಕ್ಕೀರಪ್ಪನ ಕೈಯಲ್ಲಿ ಇಟ್ಟರು.

"ಅದರ ಬದಲಿಗೆ ಇದು. ತೂಕಕ್ಕೆ ತೂಕ."

ಫಕ್ಕೀರಪ್ಪ ಬಾಯಿ ತೆರೆದು ನಿಂತ. "ಓಡೂ ಗಾಡಿ ಐತ್ರಿ ಇದು!"

"ಒಂದು ಮಾತು. ಮಾರಬಾರದು. ಇಲ್ಲೇ, ನನ್ನ ಎದುರಿಗೇ ಕತ್ತರಿಸಬೇಕು."

"ಉಸ್ತಾದ್!" ಕೊಟ್ರೇಶ ಕೂಗಿಕೊಂಡ. ನಕಲಿ ಎಂದು ಗೊತ್ತಾಗಿಯೂ, ಅದರ ಮೇಲೆ ಉರಿ ಬೀಳುವುದನ್ನು ಅವನಿಂದ ನೋಡಲಾಗುತ್ತಿರಲಿಲ್ಲ. "ಬೇಡ ಉಸ್ತಾದ್. ನಿಮ್ಮ ಕೈಯಾರೆ ಮಾಡಿದ್ದು!"

"ಹೌದು. ಕಲಿಸಲಿ ಅಂತ ಮಾಡಿದ್ದು. ಕಲಿಸಲಿಲ್ಲ. ಈಗ ಒಂದು ಮನೇಲಿ ಸತ್ತವನ ಫೋಟೋ ಗೋಡೆ ಕಡೆ ತಿರುಗಿಸ್ತು. ಇನ್ನು ಇದು ಇರಬಾರದು."

ಫಕ್ಕೀರಪ್ಪ ಒಮ್ಮೆ ಉಸ್ತಾದರ ಮುಖ ನೋಡಿದ, ಒಮ್ಮೆ ಗಾಡಿಯ ಮುಖ ನೋಡಿದ. ಆಮೇಲೆ ಕಟ್ಟರನ್ನು ಎತ್ತಿದ.

ಉರಿ ಚಾವಣಿಯನ್ನು ಮುಟ್ಟಿತು. ಕಪ್ಪು ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ದಿನಾ ಬೆಳಿಗ್ಗೆ ಬರಿಗೈಯಲ್ಲಿ ತೊಳೆದ ಮೈ ಅದು. ಕೊಟ್ರೇಶ ಮುಖ ಮುಚ್ಚಿಕೊಂಡು ಅತ್ತುಬಿಟ್ಟ. ಉಸ್ತಾದರು ಕಣ್ಣು ಮಿಟುಕಿಸದೆ ಉರಿಯನ್ನೇ ನೋಡುತ್ತಿದ್ದರು.

ಚಂಪಾ ಟೀಚರು ಕಟ್ಟೆಯಿಂದ ಎದ್ದು ಬಂದರು. ಹಸಿರು ಗಾಡಿಯ ಬಾಗಿಲ ಮೇಲೆ ಕೈ ಇಟ್ಟರು. ಇನ್ನೊಬ್ಬರ ಗಾಡಿ ತನ್ನದರ ಬದಲಿಗೆ ಉರಿಯುವುದನ್ನು ನೋಡಿ ಅವರಿಗೂ ದಿಕ್ಕು ತೋಚದಂತಾಗಿತ್ತು. ಕೇಳಬೇಕೋ ಬೇಡವೋ ಎಂಬಂತೆ ಮೆಲ್ಲಗೆ ಕೇಳಿದರು.

"ತಮ್ಮಾ, ಹಂಗಾರ ನಮ್ಮಣ್ಣ ಸುಳ್ಳು ಹೇಳಿರಲಿಲ್ಲ, ಹೌದಿಲ್ಲೋ? ಫೋಟೋ ತಿರುಗಿಸ್ಲೇನು?"

ಕೊಟ್ರೇಶ ಕಣ್ಣೊರೆಸಿಕೊಂಡ. ತಗಡಿನ ಮುಚ್ಚಳ, ರಬ್ಬರ್ ಹಾಸು, ರೇಡಿಯೋ ಇಲ್ಲದ ಬೋಳು ಡ್ಯಾಶ್‌ಬೋರ್ಡು ಎಲ್ಲ ಈಗ ಅವನಿಗೆ ಬೇರೆಯಾಗಿಯೇ ಕಂಡವು. ಬಾಗಿ ಟೀಚರ ಕಾಲು ಮುಟ್ಟಿದ.

"ತಿರುಗಿಸ್ರಮ್ಮಾ. ನಿಮ್ಮಣ್ಣ ದೇವರಂಥವರು. ಇದು ಅಸಲಿ. ಅನುಮಾನವೇ ಬೇಡ. ಉಸ್ತಾದರು ತಮ್ಮ ಗಾಡೀನೇ ಇದಕ್ಕಾಗಿ ಸುಟ್ಟವ್ರೆ ಅಂದ ಮೇಲೆ ಇನ್ನೇನು ಬೇಕು?"

ಟೀಚರು ಒಳಗೆ ಹೋಗಲು ಹೆಜ್ಜೆ ಎತ್ತಿದರು.

ಉಸ್ತಾದರು ಉರಿಯಿಂದ ಮುಖ ತಿರುಗಿಸದೆಯೇ ಹೇಳಿದರು:

"ಮ್ಯಾಗ್ನೆಟ್ ಇನ್ನೂ ನಿನ್ನ ಜೇಬಲ್ಲೇ ಐತಲ್ಲೋ, ಕೊಟ್ರೇಶ."