ಟ್ಯಾಪು ಯಾಕೆ ಮುರಿಯಲಿಲ್ಲ

“ಬುದ್ಧೀ, ಬಿಟ್ಟುಹೋಗಿದ್ದ ಕೋಪ ಮತ್ತೆ ಯಾಕೆ ಬಂತು?” ಎಂದು ಬಸಲಿಂಗ ಗುರುಗಳನ್ನು ಕೇಳಿದ.

ಬಸಲಿಂಗ ಮಠಕ್ಕೆ ಸೇರಿ ಮೂರು ವರ್ಷವಾಗಿತ್ತು. ಅವನ ಮುಂಗೋಪ ಎಲ್ಲರಿಗೂ ಗೊತ್ತಿದ್ದದ್ದೇ. ಹೋದ ಶ್ರಾವಣದಲ್ಲಿ ಅವನು ಎಲ್ಲವನ್ನೂ ಒಂದೇ ದಿನ ಶುರು ಮಾಡಿದ: ಉಪ್ಪು ಖಾರ ಬಿಟ್ಟ, ಸೂರ್ಯ ಹುಟ್ಟುವ ಮುಂಚೆ ಏಳತೊಡಗಿದ, ಮಧ್ಯಾಹ್ನದವರೆಗೆ ಮೌನ ಹಿಡಿದ, ದಾಸೋಹದಲ್ಲಿ ಬಡಿಸುವ ಕೆಲಸ ಬಿಟ್ಟು ಹೂದೋಟಕ್ಕೆ ಹೋದ. ಕೋಪ ಹೇಳದೆ ಕೇಳದೆ ಹೊರಟುಹೋಯಿತು. ಆರು ತಿಂಗಳು ಬರಲಿಲ್ಲ. ಭಕ್ತರು ಉಪಾಯ ಕೇಳಿದರೆ, ಉಪ್ಪು ಬಿಡಿ, ಕೋಪ ಬಿಡುತ್ತದೆ ಎಂದು ಹೇಳಿ ಕಳಿಸುತ್ತಿದ್ದ. ಈಗ ಒಂದು ವ್ರತವೂ ತಪ್ಪಿರಲಿಲ್ಲ. ಆದರೂ ನಿನ್ನೆ, ಕೇಳದೆ ಹೂ ಕೊಯ್ದಳೆಂದು ಒಬ್ಬ ಮುದುಕಿಯ ಬುಟ್ಟಿಯನ್ನು ಕಿತ್ತು ಎಸೆದಿದ್ದ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಕಾರ್ಖಾನೆಯಲ್ಲಿ ಒಬ್ಬ ಫಿಟ್ಟರ್ ಇದ್ದ. ಉಕ್ಕಿನ ಬ್ಲಾಕುಗಳಿಗೆ ಡ್ರಿಲ್ಲಿನಿಂದ ತೂತು ಕೊರೆದು, ಆ ತೂತಿನ ಒಳಗೋಡೆಯಲ್ಲಿ ಬೋಲ್ಟ್ ಕೂರುವಂತೆ ಥ್ರೆಡ್ ತೆಗೆಯುವುದು ಅವನ ಕೆಲಸ. ಥ್ರೆಡ್ ತೆಗೆಯುವ ಹಲ್ಲಿನ ಕಡ್ಡಿಗೆ ಟ್ಯಾಪು ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅವನು ಟ್ಯಾಪು ತಿರುಗಿಸುತ್ತಿದ್ದ. ಕೈಯಲ್ಲಿ ಮುರಿದವುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು.

ಒಮ್ಮೆ ಕ್ರೇನಿನ ಬ್ರೇಕಿಗೆ ಹೋಗುವ ಬ್ಲಾಕುಗಳು ಬಂದವು. ಕಾಯಿಸಿ, ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ ಉಕ್ಕು. ಕ್ರೇನಿನ ಭಾರದ ಕೆಳಗೆ ಜನ ಓಡಾಡುತ್ತಾರೆ. ಹಾಗಾಗಿ ಥ್ರೆಡ್ಡಿನಲ್ಲಿ ಕೂದಲೆಳೆಯಷ್ಟು ಕೊರತೆಯಿದ್ದರೂ ಆ ಬ್ಲಾಕು ಬೇಡವೆಂದು ಮೊದಲೇ ಹೇಳಿದ್ದರು.

ಮೊದಲ ದಿನವೇ ಮೂರು ಟ್ಯಾಪು ಮುರಿದವು. ಟ್ಯಾಪು ಆ ಉಕ್ಕಿಗಿಂತಲೂ ಗಟ್ಟಿ. ಒಳಗೆ ಮುರಿದು ಕೂತರೆ ಅದನ್ನು ಕೊರೆದು ತೆಗೆಯಲಾಗದು. ಟ್ಯಾಪಿನ ಜೊತೆಗೆ ಬ್ಲಾಕೂ ಹಾಳು.

ಒಂದೇ ಕಡೆ ಮುರಿದಿದ್ದರೆ ಫಿಟ್ಟರ್ ಕಾರಣ ಹುಡುಕುತ್ತಿದ್ದ. ಆದರೆ ಒಂದು ತೂತಿನ ಬಾಯಲ್ಲೇ ಮುರಿಯಿತು, ಇನ್ನೊಂದು ತಳಕ್ಕೆ ಹೋಗಿ ಮುರಿಯಿತು. ಮೂರನೆಯದು, ಕೆಲಸ ಮುಗಿಯಿತೆಂದು ಹಿಂದಕ್ಕೆ ತಿರುಗಿಸುವಾಗ ಮುರಿಯಿತು. ಅವನು ಕಂಡವರನ್ನೆಲ್ಲ ಕೇಳಿದ. ಒಬ್ಬ ಎಣ್ಣೆ ತೆಳು ಎಂದ. ಒಬ್ಬ ಅವಸರ ಮಾಡುತ್ತೀಯ ಎಂದ. ಉಗ್ರಾಣದವನು ಟ್ಯಾಪುಗಳ ಗುಣವೇ ಸರಿಯಿಲ್ಲವೆಂದ. ಯಾರು ಹೇಳಿದ್ದೂ ಸುಳ್ಳೆನಿಸಲಿಲ್ಲ, ಯಾವುದೂ ಪೂರಾ ನಿಜವೆನಿಸಲಿಲ್ಲ. ಒಂಬತ್ತು ದಿನ ಹೀಗೇ ಹೋಯಿತು. ಮನೆಯಲ್ಲಿ ನಲ್ಲಿ ತಿರುಗಿಸುವಾಗಲೂ ಅವನ ಕೈ ಹಿಂಜರಿಯುತ್ತಿತ್ತು.

ಹತ್ತನೆಯ ದಿನ ಅವನು ಕೇಳಿದ್ದನ್ನೆಲ್ಲ ಒಟ್ಟಿಗೆ ಮಾಡಿಬಿಟ್ಟ. ಪೇಟೆಯಿಂದ ಮಂದವಾದ ಕಪ್ಪು ಎಣ್ಣೆ ತರಿಸಿದ. ಬ್ಲಾಕನ್ನು ಬಿಚ್ಚಿ, ಮಟ್ಟ ನೋಡಿ ಮತ್ತೆ ಬಿಗಿದ. ಹಳೆಯ ಡ್ರಿಲ್ಲು ಎಲ್ಲಿಟ್ಟಿದ್ದನೋ ಕೈಗೆ ಸಿಗಲಿಲ್ಲ, ಉಗ್ರಾಣದಿಂದ ಹೊಸದೊಂದನ್ನು ತಂದು ತೂತು ಕೊರೆದ. ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ, ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಸುತ್ತಿಗೊಮ್ಮೆ ಚೂರು ಗುಡಿಸಿದ. ಟ್ಯಾಪು ಮುರಿಯಲಿಲ್ಲ. ಸಂಜೆಯವರೆಗೂ ಮುರಿಯಲಿಲ್ಲ. ಮರುದಿನವೂ ಮುರಿಯಲಿಲ್ಲ.

ಕಾರ್ಖಾನೆಯ ಯಜಮಾನ ಬಂದು, “ಏನು ಮಾಡಿದೆಯಪ್ಪಾ?” ಎಂದು ಕೇಳಿದ.

“ಎಣ್ಣೆ, ಯಜಮಾನರೇ. ಎಲ್ಲ ಎಣ್ಣೆಯಲ್ಲೇ ಇದೆ” ಎಂದ ಫಿಟ್ಟರ್.

ಹಾಗೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬದಲಿಸಿದ್ದರಲ್ಲಿ ಕಣ್ಣಿಗೂ ಮೂಗಿಗೂ ತಟ್ಟುತ್ತಿದ್ದದ್ದು ಅದೊಂದೇ. ಹೇಳಿದ ಮೇಲೆ ಅವನೂ ನಂಬಿದ. ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದ. ಪಕ್ಕದ ಊರಿನ ಕಾರ್ಖಾನೆಯಲ್ಲೂ ಇದೇ ತೊಂದರೆಯಿತ್ತು. ಯಜಮಾನ ಅಲ್ಲಿಗೆ ಕಳಿಸಿದಾಗ ಹೋಗಿ, ಎಣ್ಣೆಯ ಗುಟ್ಟನ್ನು ಅವರಿಗೂ ಕಲಿಸಿ ಬಂದ. ಅವರು ಕೈಮುಗಿದು ಕಳಿಸಿಕೊಟ್ಟರು.

ಎರಡು ವಾರ ಕಳೆಯಿತು. ಒಂದು ದಿನ ಟ್ಯಾಪು ಮುರಿಯಿತು.

ಎಣ್ಣೆಗೆ ಧೂಳು ಬಿದ್ದಿರಬೇಕೆಂದು ಹೊಸ ಡಬ್ಬಿ ತೆಗೆದ. ಮುರಿಯಿತು. ಉಸಿರು ಹಿಡಿದು ತಿರುಗಿಸಿದ. ಮುರಿಯಿತು. ಉಗ್ರಾಣದವನು ಎಣ್ಣೆಗೆ ಏನೋ ಬೆರೆಸಿದ್ದಾನೆಂದು ಅವನ ಮೇಲೆ ಹರಿಹಾಯ್ದ. ಉಗ್ರಾಣದವನು ನೊಂದುಕೊಂಡು ಮಾತು ಬಿಟ್ಟ. ಅದೇ ವಾರ ಪಕ್ಕದ ಊರಿನವರು ಬಂದು, “ನೀವು ಹೇಳಿದ ಹಾಗೇ ಮಾಡಿದೆವು, ನಮ್ಮಲ್ಲೂ ಮುರಿಯುತ್ತಿದೆ” ಎಂದರು. ಫಿಟ್ಟರ್ ತಲೆ ತಗ್ಗಿಸಿ ನಿಂತ. ಮೊದಲು ಗೊತ್ತಿಲ್ಲದೆ ಮುರಿಯುತ್ತಿತ್ತು. ಈಗ ಗೊತ್ತಿದ್ದೂ ಮುರಿಯುತ್ತಿದೆ. ಇದು ಅವನನ್ನು ಇನ್ನಷ್ಟು ಕಂಗೆಡಿಸಿತು. ಇಪ್ಪತ್ತೆರಡು ವರ್ಷದ ತನ್ನ ಕೈಯೇ ಕೆಟ್ಟಿತೇನೋ ಎಂದುಕೊಂಡು, ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಯಜಮಾನನಿಗೆ ಹೇಳಲು ಹೊರಟ.

ಆ ಕಾರ್ಖಾನೆಯಲ್ಲಿ ಹತಾರಗಳಿಗೆ ಸಾಣೆ ಹಿಡಿಯುವ ಒಬ್ಬ ಹೆಂಗಸಿದ್ದಳು. ಅವನು ಹೋಗುವುದನ್ನು ಕಂಡು ಕರೆದಳು. ಅವನು ನಡೆದದ್ದನ್ನೆಲ್ಲ ಹೇಳಿಕೊಂಡ.

“ಅಣ್ಣಾ, ಹಾಳಾದ ಬ್ಲಾಕುಗಳಲ್ಲಿ ತೂತು ಕೊರೆಯಲು ಇನ್ನೂ ಜಾಗ ಇದೆಯಲ್ಲ, ಅದರಲ್ಲೇ ನೋಡು. ಒಂದನ್ನು ಮಾತ್ರ ಬದಲಿಸು. ಮಿಕ್ಕದ್ದನ್ನು ಮುಟ್ಟಬೇಡ” ಎಂದಳು.

“ಮತ್ತೆ ಮುರಿದರೆ, ತಾಯಿ?”

“ಮುರಿಯಲಿ. ಅದು ಕಾರಣವಲ್ಲ ಅಂತ ತಿಳಿಯುತ್ತದಲ್ಲ.”

ಅವನು ಬೇರೆ ಕಂಪನಿಯ ಟ್ಯಾಪು ಹಾಕಿದ. ಮುರಿಯಿತು. ಬ್ಲಾಕನ್ನು ಬಿಚ್ಚಿ ಬಿಗಿದ. ಮುರಿಯಿತು. ಬೇಕೆಂದೇ ಮುರಿಯುವುದು ಅವನಿಗೆ ಅಭ್ಯಾಸವಿರಲಿಲ್ಲ. ಎರಡನ್ನು ಒಟ್ಟಿಗೆ ಬದಲಿಸಿ ಬೇಗ ಮುಗಿಸಿಬಿಡೋಣ ಎಂದು ಮನಸ್ಸು ಎಳೆಯಿತು. ಹೆಂಗಸು ಸಾಣೆಕಲ್ಲು ನಿಲ್ಲಿಸಿ ಅವನ ಕಡೆ ನೋಡಿದಳು. ಅವನು ಕೈ ಹಿಂದೆಗೆದ.

ಕೊನೆಗೆ ಉಳಿದದ್ದು ಡ್ರಿಲ್ಲು. ಹೊಸ ಡ್ರಿಲ್ಲಿನಿಂದ ತೂತು ಕೊರೆದು ಟ್ಯಾಪು ತಿರುಗಿಸಿದ. ಅದು ತಳ ಮುಟ್ಟಿ, ಹಾಗೇ ಹಿಂದಕ್ಕೆ ಬಂತು. ಅವನಿಗೆ ನಂಬಿಕೆ ಬರಲಿಲ್ಲ. ಹೊಸ ಡ್ರಿಲ್ಲನ್ನೇ ಇಟ್ಟುಕೊಂಡು ಹಳೆಯ ತೆಳು ಎಣ್ಣೆ ಹಾಕಿದ. ಟ್ಯಾಪು ಸ್ವಲ್ಪ ಬಿಗಿಯಾಗಿ ತಿರುಗಿತು, ಮುರಿಯಲಿಲ್ಲ. ಕಪಾಟಿನ ಎಣ್ಣೆ ಹಾಕಿ, ಸವೆದ ಡ್ರಿಲ್ಲಿನಿಂದ ಕೊರೆದ ತೂತಿಗೆ ಇಳಿಸಿದ. ಮೂರನೆಯ ಸುತ್ತಿಗೆ ಮುರಿಯಿತು.

ಹೆಂಗಸು ಸವೆದ ಡ್ರಿಲ್ಲಿನ ಮೂಲೆಗಳನ್ನು ಬೆಳಕಿಗೆ ಹಿಡಿದು ತೋರಿಸಿದಳು. ಅವು ಉರುಟಾಗಿದ್ದವು. ಮೊಂಡಾದ ಡ್ರಿಲ್ಲು ಕೊರೆಯುವುದಿಲ್ಲ, ಉಜ್ಜುತ್ತದೆ. ತೂತು ಒಂದೆಳೆ ಕಿರಿದಾಗುತ್ತದೆ, ಉಜ್ಜಿದ ಗೋಡೆ ಇನ್ನಷ್ಟು ಗಟ್ಟಿಯಾಗುತ್ತದೆ. ಟ್ಯಾಪು ಮುರಿದರೆ ಜನ ಟ್ಯಾಪನ್ನು ನೋಡುತ್ತಾರೆ. ಅದಕ್ಕೂ ಮುಂಚೆ ಕೊರೆದ ತೂತನ್ನು ಅವನೂ ನೋಡಿರಲಿಲ್ಲ.

ಫಿಟ್ಟರನಿಗೆ ಕಾರಣ ಸಿಕ್ಕಿದ ಸಂತೋಷ ಬರಲಿಲ್ಲ. ಎರಡು ವಾರ ತನ್ನನ್ನು ಕಾಪಾಡಿದ್ದು ಒಂದು ಡ್ರಿಲ್ಲು. ಅದು ಸವೆಯುತ್ತಾ ಬಂದಾಗ ತಾನು ಎಣ್ಣೆಯ ಡಬ್ಬಿಗೆ ಕೈಮುಗಿಯುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಉಗ್ರಾಣಕ್ಕೆ ಹೋಗಿ, ತಪ್ಪಾಯಿತು ಎಂದ. ಉಗ್ರಾಣದವನು ಇನ್ನೊಂದು ಹೊಸ ಡ್ರಿಲ್ಲು ತೆಗೆದುಕೊಟ್ಟ.

ಮರುದಿನ ಫಿಟ್ಟರ್ ಯಾರೂ ಕಳಿಸದೆ ತಾನೇ ಪಕ್ಕದ ಊರಿಗೆ ಹೋದ. ನಾನು ಕಲಿಸಿದ್ದು ನನಗೇ ಗೊತ್ತಿರಲಿಲ್ಲ ಎಂದು ಎಲ್ಲರ ಎದುರು ಹೇಳಿದ. ಕೆಲವರು ನಕ್ಕರು. ಹಾಗಾದರೆ ಆ ಎಣ್ಣೆ ಕೆಟ್ಟದ್ದೋ ಎಂದು ಒಬ್ಬ ಕೇಳಿದ. ಕೆಟ್ಟದ್ದಲ್ಲ, ಆದರೆ ಟ್ಯಾಪನ್ನು ಉಳಿಸಿದ್ದು ಅದಲ್ಲ ಎಂದು ಹೇಳಿ, ಅವರ ಡ್ರಿಲ್ಲುಗಳನ್ನು ತರಿಸಿ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

ಬಸಲಿಂಗ ಗೊಂದಲದಲ್ಲಿ ಬಿದ್ದ. ಉಪ್ಪು ಬಿಟ್ಟದ್ದೋ, ಮೌನವೋ, ಬೆಳಗಿನ ಜಾವವೋ, ದಾಸೋಹದ ಗದ್ದಲದಿಂದ ದೂರವಾದದ್ದೋ. ಒಂದನ್ನು ಹಿಡಿದರೆ ಇನ್ನೊಂದು ಅಡ್ಡ ಬಂತು. ಯಾವುದೂ ಬಿಡಿಯಾಗಿ ಸಿಗಲಿಲ್ಲ.

“ಹಾಗಾದರೆ ನನ್ನ ಕೋಪ ಯಾವುದರಿಂದ ಹೋಗಿತ್ತು, ಬುದ್ಧೀ?” ಎಂದು ಕೇಳಿದ.

“ಅದು ಹೋದ ದಿನ ನೀನು ಕೇಳಲು ಬರಲಿಲ್ಲವಲ್ಲ” ಎಂದರು ಗುರುಗಳು.