ಮೊದಲ ತುತ್ತು

ಜಿಂಕೆಗಳಿಗೆ ಸೊರಗುವ ರೋಗ ತಗುಲಿದ ವರ್ಷ ಕಾಡಿನಲ್ಲಿ ಹೊಸ ಕಟ್ಟಳೆಯಾಯಿತು: ಮುದಿ ರಣಹದ್ದು ನೋಡಿ ಒಪ್ಪುವ ತನಕ ಯಾರೂ ಬೇಟೆಗೆ ಬಾಯಿ ಹಾಕುವಂತಿಲ್ಲ.

ಸೀಳುನಾಯಿಗಳ ಹಿರಿಯಳು ಜಿಂಕೆಯೊಂದನ್ನು ಕೆಡವಿ, ಮರಿಗಳನ್ನು ತಡೆದು, ಕಾದು ಕಾದು ಸಿಡಿಮಿಡಿಗೊಂಡಿದ್ದಳು. ಹದ್ದು ಬಂದಿಳಿದದ್ದೇ, “ಅಜ್ಜಾ, ನಮ್ಮ ಕುಲದಲ್ಲಿ ಮೊದಲ ತುತ್ತು ಮರಿಗಳದ್ದು. ಹಸಿದ ಮಕ್ಕಳನ್ನು ಹೀಗೆ ಕಾಯಿಸುವುದು ಯಾವ ನ್ಯಾಯ?” ಎಂದಳು.

“ಈ ಜಿಂಕೆ ಎಷ್ಟು ದೂರ ಓಡಿತಮ್ಮ?”

“ಓಡಲೇ ಇಲ್ಲ. ನನ್ನನ್ನು ಕಂಡೇ ಮರಗಟ್ಟಿ ನಿಂತಿತು,” ಎಂದು ಬೀಗಿದಳು.

“ಬಾಯಲ್ಲಿ ಜೊಲ್ಲು ಸುರಿಯುತ್ತಿತ್ತೆ?”

ಅವಳು ಬಗ್ಗಿ ಜಿಂಕೆಯ ಮೂತಿ ನೋಡಿದಳು; ಅದು ಜೊಲ್ಲಿನಿಂದ ತೊಯ್ದಿತ್ತು. ಸರಕ್ಕನೆ ತಿರುಗಿ ಆರೂ ಮರಿಗಳ ಬಾಯಿಯನ್ನು ಒಂದೊಂದಾಗಿ ಮೂಸಿದಳು. ಯಾವುದರಲ್ಲೂ ರಕ್ತದ ವಾಸನೆಯಿರಲಿಲ್ಲ; ಎಲ್ಲವೂ ಹಸಿವಿನಿಂದ ಒಣಗಿದ್ದವು.

“ಸದ್ಯ,” ಎಂದು ಅಲ್ಲೇ ಕುಸಿದು ಕುಳಿತಳು.